ಪಿನ್ ಹೊಡೆದ ಪಾಠ

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಿಂದ ಕೋರ್ಟಿನ ಕಡೆ ಹೋಗುವಾಗ ಒಂದು ಬಟ್ಟೆ ಅಂಗಡಿ ಸಿಗುತ್ತದೆ. ಅದರ ಮೇಲಿನ ಮಾಳಿಗೆಯಲ್ಲಿ ಅಣ್ಣಾಸಾಬನ ಸಿಇಟಿ ಕ್ಲಾಸು. ಅಲ್ಲಿ ಹತ್ತೊಂಬತ್ತು ವರ್ಷ ಕೆಮಿಸ್ಟ್ರಿ ಕಲಿಸಿದ ಭಾವುಸಾಹೇಬ ಖೋತರನ್ನು ನೀವು ದಾರಿಯಲ್ಲಿ ಕಂಡಿದ್ದರೂ ಗುರುತು ಇಟ್ಟುಕೊಂಡಿರಲಿಕ್ಕಿಲ್ಲ. ಸಣಕಲು ಮೈ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಬೇಡಕಿಹಾಳದಿಂದ ಬೆಳಗಿನ ಬಸ್ಸಿಗೆ ಬರುವುದು, ಸಂಜೆ ಹೊತ್ತು ಮುಳುಗುವ ಮೊದಲು ಮನೆ ಮುಟ್ಟುವುದು. ಜೈನರ ಮನೆಯ ಪದ್ಧತಿಯಂತೆ ಹೊತ್ತು ಮುಳುಗಿದ ಮೇಲೆ ಅವರು ತುತ್ತು ಬಾಯಿಗಿಟ್ಟವರಲ್ಲ. ಕ್ಲಾಸು ತಡವಾದ ದಿನ ಊಟ ತಪ್ಪುತ್ತಿತ್ತೇ ಹೊರತು ನೇಮ ತಪ್ಪುತ್ತಿರಲಿಲ್ಲ.

ಧಾರವಾಡದಲ್ಲಿ ಒಳ್ಳೆಯ ಅಂಕ ತೆಗೆದು ಎಂ.ಎಸ್ಸಿ. ಮಾಡಿದವರು. ಆದರೆ ಇಂಟರ್‌ವ್ಯೂಗೆ ಕರೆದ ಕಾಲೇಜುಗಳಲ್ಲೆಲ್ಲ ಅವರಿಗಿಂತ ಮೊದಲೇ ಯಾರದೋ ಅಳಿಯ ಬಂದು ಕುಳಿತಿರುತ್ತಿದ್ದ. ಕೊನೆಗೆ ಅಣ್ಣಾಸಾಬನ ಮಾಳಿಗೆಯೇ ಗತಿಯಾಯಿತು. ಅಲ್ಲಿಯೂ ಥರ್ಮೋಡೈನಾಮಿಕ್ಸು, ಎಲೆಕ್ಟ್ರೋಕೆಮಿಸ್ಟ್ರಿಯಂಥ ಗಟ್ಟಿ ಪಾಠಗಳನ್ನು ಕೊಲ್ಹಾಪುರದಿಂದ ಕಾರಿನಲ್ಲಿ ಬರುವ ಮಾಸ್ತರರು ಹಿಡಿದುಕೊಂಡಿದ್ದರು. ಪುಸ್ತಕದ ಬಾಲಕ್ಕಿದ್ದ, ಗಡಿಬಿಡಿಯಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಪಾಠಗಳು ಖೋತ ಸರ್ ಪಾಲಿಗೆ. ಅವುಗಳಲ್ಲೊಂದು ಪಾಲಿಮರ್.

ಯಾರಿಗೂ ಬೇಡವಾದ ಆ ಪಾಠವನ್ನು ಅವರು ಎಷ್ಟು ಹಚ್ಚಿಕೊಂಡರು ಎಂದರೆ, ರಾಯಬಾಗ, ಅಥಣಿ, ಕಾಗವಾಡದಿಂದ ಬಂದ ಮಕ್ಕಳು ಅವರನ್ನು 'ಪಾಲಿಮರ್ ಸರ್' ಎಂದೇ ಕರೆಯುತ್ತಿದ್ದರು. ಚೀಲದಲ್ಲಿ ಏನಿರುತ್ತಿತ್ತು ಅಂತೀರಿ? ಹಾಲಿನ ಖಾಲಿ ಪಾಕೀಟು, ನೀರಿನ ಪೈಪಿನ ತುಂಡು, ಮನೆಯದೇ ಒಡೆದ ಕರಿಯ ಸ್ವಿಚ್ಚು, ದೂಧಗಂಗಾ ನದಿಯಲ್ಲಿ ಮೀನು ಹಿಡಿಯುವವರಿಂದ ಬೇಡಿ ತಂದ ನೈಲಾನ್ ದಾರ. ಮೀನಿನವರ ಹತ್ತಿರ ಜೈನ ಮಾಸ್ತರನಿಗೇನು ಕೆಲಸ ಎಂದು ಊರು ನಕ್ಕರೆ ಅವರೂ ನಗುತ್ತಿದ್ದರು.

ಎಂಟು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ತಮ್ಮ ಎರಡು ಕೈ ತಾವೇ ಬಿಗಿಯಾಗಿ ಹಿಡಿದುಕೊಳ್ಳಲು ಹೇಳುವರು. "ಈಗ ನೀವು ಒಬ್ಬೊಬ್ಬ ಮಾನೋಮರ್. ಇಥೀನ್ ಅನ್ಕೋರಿ. ಎರಡೂ ಕೈ ತನ್ನೊಳಗ ಹಿಡಕೊಂಡಾನಲ್ಲ, ಅದ ಡಬಲ್ ಬಾಂಡ್. ಈಗ ಕೈ ಬಿಚ್ರಿ, ಬಾಜೂದಾಂವನ ಕೈ ಹಿಡೀರಿ. ಯಾರೂ ಸಾಲ ಬಿಟ್ಟ ಹೋಗಲಿಲ್ಲ, ಏನೂ ಕೆಳಗ ಬೀಳಲಿಲ್ಲ. ಇದು ಅಡಿಶನ್. ಹಿಂಗ ಸಾವಿರಗಟ್ಲೆ ನಿಂತ್ರ ಪಾಲಿಥೀನ್. ನಿಮ್ಮ ಹಾಲಿನ ಪಾಕೀಟ." ಆಮೇಲೆ ಎಲ್ಲರ ಕೈಗೂ ಪೆನ್ನು ಕೊಟ್ಟು, ಕೈ ಕೂಡಿಸುವಾಗ ಜೋಡಿಗೊಂದು ಪೆನ್ನು ನೆಲಕ್ಕೆ ಬಿಡಿಸುವರು. ಬಿದ್ದ ಪೆನ್ನು ನೀರಿನ ಅಣು, ಇದು ಕಂಡೆನ್ಸೇಶನ್. ನೈಲಾನ್ ಆರು-ಆರನ್ನು ಬೀಗರ ಲೆಕ್ಕದಲ್ಲಿ ಹೇಳುವರು: ಒಂದು ಕಡೆ ಅಮೀನಿನವರು, ಇನ್ನೊಂದು ಕಡೆ ಆಸಿಡ್ಡಿನವರು, ಎರಡೂ ಮನೆಯಲ್ಲಿ ಆರಾರು ಕಾರ್ಬನ್ನು. ಬರೀ ನೈಲಾನ್ ಆರು ಎಂದರೆ ಒಂದೇ ಮನೆತನದ್ದು, ಕ್ಯಾಪ್ರೋಲ್ಯಾಕ್ಟಮಿನದು. ಕೊನೆಗೆ ಮೇಣಬತ್ತಿ ಹಚ್ಚಿ ಪೈಪಿನ ತುಂಡು ಹಿಡಿದರೆ ಅದು ಮೆತ್ತಗಾಗಿ ಬಾಗುತ್ತಿತ್ತು, ಆರಿದರೆ ಮತ್ತೆ ಬಿರುಸು. ಅದು ಥರ್ಮೋಪ್ಲಾಸ್ಟಿಕ್. ಸ್ವಿಚ್ಚಿನ ತುಂಡು ಮಾತ್ರ ಬಾಗದೆ ಸುಟ್ಟು ನಾತ ಬಿಡುತ್ತಿತ್ತು. ಅದು ಬೇಕಲೈಟ್, ಥರ್ಮೋಸೆಟ್ಟಿಂಗ್. ಇದನ್ನು ಒಮ್ಮೆ ನೋಡಿದ ಮಗು ಪರೀಕ್ಷೆಯಲ್ಲಿ ಆ ಪ್ರಶ್ನೆ ತಪ್ಪುವ ಮಾತೇ ಇರಲಿಲ್ಲ.

ಒಂದು ವರ್ಷ ಜೂನ್‌ನಲ್ಲಿ ಅಣ್ಣಾಸಾಬ ಅವರನ್ನು ಆಫೀಸಿಗೆ ಕರೆದ. ಹೊಸ ಪುಸ್ತಕ ತೆಳ್ಳಗಾಗಿ ಬಂದಿತ್ತು.

"ಖೋತ ಸರ್, ನಿಮ್ಮ ಪಾಲಿಮರ್ ಧಡಾ, ಆ ಪಾಠನ ತೆಗದ ಬಿಟ್ಟಾರ ನೋಡ್ರಿ. ನೀಟ್‌ಗೂ ಇಲ್ಲ, ನಮ್ಮ ಸಿಇಟಿಗೂ ಇಲ್ಲ. ಹಂಗಾದ್ರ ಈ ವರ್ಷ ನಿಮ್ಮ ತಾಸ ಒಂದೀಟ ಕಡಿಮಿ ಮಾಡೂಣೇನ್ರಿ?"

"ಮಾಡ್ರಿ," ಎಂದರು ಖೋತ ಸರ್. ಬೇರೆ ಏನು ಹೇಳುವುದು? ಹತ್ತೊಂಬತ್ತು ವರ್ಷದ ಹೆಸರು ಒಂದು ಪಾಠದ ಮೇಲೆ ನಿಂತಿತ್ತು. ಅದನ್ನು ಎಲ್ಲೋ ಕುಳಿತ ನಾಲ್ಕು ಜನ ಬೇಡವೆಂದು ಹರಿದು ಹಾಕಿದ್ದರು. ಖೋತ ಸರ್‌ಗೆ ಸಿಟ್ಟು ಬಂದಿತ್ತು. ಸಿಟ್ಟು ಅಣ್ಣಾಸಾಬನ ಮೇಲೆ, ಪುಸ್ತಕದವರ ಮೇಲೆ. ಅವರಾರೂ ಕೈಗೆ ಸಿಗುವವರಲ್ಲ. ಮೆಟ್ಟಿಲು ಹತ್ತಿ ನೇರ ಕ್ಲಾಸಿಗೆ ಹೋದರು.

ಅಣ್ಣಾಸಾಬನ ಕ್ಲಾಸಿನಲ್ಲಿ ಒಂದು ರೂಢಿ ಇತ್ತು. ಅಲ್ಲಿನ ಮಕ್ಕಳು ಹೆಚ್ಚಾಗಿ ಓದುವುದು ಅಕ್ಕನ ಪುಸ್ತಕ, ಕಾಕಾನ ಮಗನ ಪುಸ್ತಕ. ಹೊಸದಾಗಿ ತೆಗೆದುಹಾಕಿದ ಪಾಠ ಹಳೆಯ ಪುಸ್ತಕದಲ್ಲಿ ಹಾಗೇ ಇರುತ್ತದಲ್ಲ, ಅದರ ಹಾಳೆಗಳನ್ನೆಲ್ಲ ಕೂಡಿಸಿ ಮೂರೂ ಕಡೆ ಸ್ಟೇಪ್ಲರಿನಿಂದ ಪಿನ್ ಹೊಡೆಸುವುದು. ಕಣ್ಣು ಆ ಕಡೆ ಹೋಗಬಾರದು, ವೇಳೆ ಹಾಳಾಗಬಾರದು. ಪಿನ್ ಹೊಡೆದ ಪಾಠವನ್ನು ಯಾರಾದರೂ ಬಿಚ್ಚಿ ಓದಿದ್ದು ಕಂಡರೆ ಬೈಗುಳ.

"ಪಾಲಿಮರ್‌ಗೆ ಪಿನ್ ಹೊಡೀರಿ," ಎಂದರು ಖೋತ ಸರ್. ಸ್ಟೇಪ್ಲರು ಬೆಂಚಿನಿಂದ ಬೆಂಚಿಗೆ ಹೋಯಿತು. ಟಕ್ ಟಕ್ ಎಂದು ಒಂದೊಂದೇ ಪಿನ್ನು ಬೀಳುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು.

ಮೂರನೆಯ ಸಾಲಿನಿಂದ ಒಂದು ಹುಡುಗಿ ಎದ್ದು ನಿಂತಳು. ಏಕಸಂಬಿಯ ಸಪನಾ. ಅವಳಪ್ಪ ಭರಮು ಕಬ್ಬಿನ ಹೊಲಗಳಲ್ಲಿ ಪೈಪ್‌ಲೈನ್ ಎಳೆಯುವ ಕೆಲಸಗಾರ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಗಡಿಯ ಮಕ್ಕಳಲ್ಲಿ ಕೆಲವರು ಇಲ್ಲಿಯದು, ಮಹಾರಾಷ್ಟ್ರದ್ದು ಎರಡೂ ರಾಜ್ಯದ ಸಿಇಟಿ ಬರೆಯುವುದುಂಟು. ಮನೆಮಾತು ಮರಾಠಿ ಎಂಬ ದಾಖಲೆ ಇದ್ದರೆ ಆ ಕಡೆಯ ಕಾಲೇಜುಗಳಲ್ಲೂ ಗಡಿಭಾಗದವರೆಂದು ಅರ್ಜಿ ಹಾಕಬಹುದು. ಸಪನಾಳ ಆಸೆ ಎಲ್ಲ ಆ ಕಡೆಯ ಒಂದು ಸರಕಾರಿ ಫಾರ್ಮಸಿ ಕಾಲೇಜಿನ ಮೇಲಿತ್ತು.

"ಸರ್, ಮಹಾರಾಷ್ಟ್ರದ ಸಿಇಟಿಗೂ ಈ ಪಾಠ ಇಲ್ಲೇನ್ರಿ?"

ಖೋತ ಸರ್‌ಗೆ ಗೊತ್ತಿರಲಿಲ್ಲ. ಗೊತ್ತಿಲ್ಲ, ನೋಡಿ ನಾಳೆ ಹೇಳುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳಲು ಅರ್ಧ ನಿಮಿಷ ಸಾಕಾಗಿತ್ತು.

"ಎಲ್ಲಾ ಕಡೆ ತೆಗದಾರ ಬೇ," ಎಂದರು. "ನಿನಗೊಬ್ಬಾಕಿಗಿ ಏನ ಬ್ಯಾರೆ ಸರಕಾರ ಐತೇನು? ಹೊಡಿ ಪಿನ್, ಕುಂಡರ."

ಕ್ಲಾಸು ನಕ್ಕಿತು. ಸಪನಾ ಮುಖ ಕೆಂಪಗೆ ಮಾಡಿಕೊಂಡು ಕುಳಿತು ತನ್ನ ಪುಸ್ತಕಕ್ಕೆ ಪಿನ್ ಹೊಡೆದಳು. ಆಮೇಲೆ ಆ ವರ್ಷ ಪೂರ್ತಿ ಅವಳು ಎದ್ದು ನಿಂತು ಪ್ರಶ್ನೆ ಕೇಳಲಿಲ್ಲ.

ಇದು ಇಲ್ಲಿಗೇ ಮುಗಿದಿದ್ದರೆ ಸಿಟ್ಟಿನಲ್ಲಿ ಬಾಯಿ ತಪ್ಪಿತು ಎನ್ನಬಹುದಿತ್ತು. ಮುಗಿಯಲಿಲ್ಲ. ಡಿಸೆಂಬರಿನಲ್ಲಿ ಕೊಲ್ಹಾಪುರಕ್ಕೆ ಒಂದು ಮದುವೆಗೆ ಹೋದಾಗ ಬೀಗರ ಮನೆಯ ಹುಡುಗನ ಮೇಜಿನ ಮೇಲೆ ಆ ರಾಜ್ಯದ ಹನ್ನೆರಡನೆಯ ಇಯತ್ತೆಯ ಕೆಮಿಸ್ಟ್ರಿ ಪುಸ್ತಕ ಕಂಡಿತು. ಸುಮ್ಮನೆ ತಿರುವಿದರು. ಪಾಲಿಮರ್ ಪಾಠ ಪೂರ್ತಿ ಇತ್ತು. ಈ ಪಾಠ ಸಿಇಟಿಗೆ ಬರುತ್ತದೇನಪ್ಪ ಎಂದು ಕೇಳಿದರು. ಬರುತ್ತದೆ ಕಾಕಾ, ಒಂದೆರಡು ಪ್ರಶ್ನೆ ಇದ್ದೇ ಇರುತ್ತವೆ ಎಂದ ಹುಡುಗ.

ಬಸ್ಸಿನಲ್ಲಿ ಬರುವಾಗ ಸೋಮವಾರ ಹೇಳಬೇಕು ಎಂದುಕೊಂಡರು. ಸೋಮವಾರ ಬಂತು. ತರಗತಿಯ ಎದುರು ನಿಂತು, ನಾನು ತಪ್ಪು ಹೇಳಿದ್ದೆ, ಪಿನ್ ಬಿಚ್ಚಿರಿ ಎನ್ನಬೇಕು. ಜೂನಿನಲ್ಲಿ ಅಷ್ಟು ಜಂಬದಿಂದ ಹೇಳಿದವರು ಈಗ ಹಾಗೆ ಹೇಳುವುದು ಹೇಗೆ? ಮೇಲಾಗಿ ಆ ಕಡೆಯ ಪರೀಕ್ಷೆ ಬರೆಯುವವರು ಆ ಬ್ಯಾಚಿನಲ್ಲಿ ಅವರಿಗೆ ಗೊತ್ತಿದ್ದಂತೆ ಒಬ್ಬಳೇ. ಆಕೆಯನ್ನು ಹೊರಗೆ ಕರೆದು ಹೇಳಿದರಾಯಿತು ಎಂದುಕೊಂಡರು. ಇವತ್ತು, ನಾಳೆ, ಸಂಕ್ರಾಂತಿ ಆಗಲಿ ಎನ್ನುತ್ತ ದಿನ ತಳ್ಳಿದರು. ಆಮೇಲೆ ಮರೆತರು ಎಂದು ಅವರೇ ತಮಗೆ ಹೇಳಿಕೊಂಡರು. ಮರೆತದ್ದಲ್ಲ. ಬೇಸಿಗೆಯವರೆಗೂ ಆ ಹುಡುಗಿಯ ಮುಖ ಕಂಡಾಗಲೆಲ್ಲ ಅವರು ಬೋರ್ಡಿನ ಕಡೆ ತಿರುಗುತ್ತಿದ್ದರು.

ಇಲ್ಲಿಯ ಸಿಇಟಿಯಲ್ಲಿ ಸಪನಾಳ ರ‍್ಯಾಂಕಿಗೆ ಬಂದದ್ದು ದೂರದ ಒಂದು ಖಾಸಗಿ ಕಾಲೇಜು. ಅದು ಭರಮುವಿನ ಕೈಗೆ ಎಟುಕುವಂಥದ್ದಲ್ಲ. ಆ ಕಡೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಅಣ್ಣಾಸಾಬ ಅವಳ ಫೋಟೋ ಹಾಕಿ ಫ್ಲೆಕ್ಸು ಮಾಡಿಸುವ ಮಾತನ್ನೂ ಆಡಿದ. ಆದರೆ ಸೀಟಿನ ಸುತ್ತುಗಳು ಒಂದೊಂದಾಗಿ ಮುಗಿದು, ಕೊನೆಯ ಸುತ್ತಿನಲ್ಲಿ ಸರಕಾರಿ ಕಾಲೇಜಿನ ಬಾಗಿಲು ಮುಚ್ಚಿದಾಗ ಅವಳು ಹೊರಗೇ ಉಳಿದಳು. ಕೊನೆಗೆ ಒಳಹೋದ ಹುಡುಗನಿಗೂ ಅವಳಿಗೂ ಇದ್ದ ಅಂತರ ಒಂದು ಪ್ರಶ್ನೆಗಿಂತ ಸ್ವಲ್ಪ ಹೆಚ್ಚು, ಎರಡಕ್ಕಿಂತ ಕಡಿಮೆ.

ಕ್ಲಾಸಿನಲ್ಲಿ ಇಟ್ಟಿದ್ದ ದಾಖಲೆ ಒಯ್ಯಲು ಬಂದವಳ ಕೈಯಲ್ಲಿ ಉತ್ತರಗಳ ಪ್ರಿಂಟು ಇತ್ತು. ಕಂಪ್ಯೂಟರಿನಲ್ಲಿ ಬರೆದ ಪರೀಕ್ಷೆಯಾದ್ದರಿಂದ ಯಾವುದು ಸರಿ ಯಾವುದು ತಪ್ಪು ಎಂದು ಅದರಲ್ಲಿ ಕಾಣುತ್ತದೆ. ಖೋತ ಸರ್ ಇಸಿದುಕೊಂಡು ನೋಡಿದರು. ಕೆಮಿಸ್ಟ್ರಿಯಲ್ಲಿ ನಾಲ್ಕು ತಪ್ಪು. ಅದರಲ್ಲಿ ಎರಡು: ಇವುಗಳಲ್ಲಿ ಥರ್ಮೋಸೆಟ್ಟಿಂಗ್ ಪಾಲಿಮರ್ ಯಾವುದು? ನೈಲಾನ್ ಆರರ ಮಾನೋಮರ್ ಯಾವುದು? ಮೊದಲನೆಯದಕ್ಕೆ ಅವಳು ಪಿವಿಸಿ ಎಂದು ಗುರುತು ಮಾಡಿದ್ದಳು. ಪಿವಿಸಿ ಪೈಪನ್ನು ಕಬ್ಬಿನ ಒಣಗಿದ ಗರಿ, ಅಂದರೆ ರವದಿಯ ಬೆಂಕಿಗೆ ಹಿಡಿದು, ಬಾಯಿ ಮೆತ್ತಗಾದಾಗ ಇನ್ನೊಂದು ಪೈಪನ್ನು ಅದರೊಳಗೆ ತುರುಕಿ ಜೋಡಿಸುವುದನ್ನು ಚಿಕ್ಕಂದಿನಿಂದ ಕಣ್ಣಾರೆ ನೋಡಿದ ಹುಡುಗಿ. ಕಾಯಿಸಿದರೆ ಮೆತ್ತಗಾಗುವುದು ಗೊತ್ತಿತ್ತು, ಅದರ ಹೆಸರು ಗೊತ್ತಿರಲಿಲ್ಲ. ಖೋತ ಸರ್ ಪ್ರಿಂಟನ್ನು ಮಡಿಸಿ ವಾಪಸು ಕೊಟ್ಟರು. ಅವಳು ಅದನ್ನು ದಾಖಲೆಗಳ ಜೊತೆ ಸೇರಿಸಿಕೊಂಡು ಮೆಟ್ಟಿಲಿಳಿದಳು.

ಆ ಭಾನುವಾರ ಏಕಸಂಬಿಗೆ ಹೋದರು. ಭರಮುವಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮಾಸ್ತರರು ಮನೆಗೆ ಬಂದಿದ್ದಾರೆ! ಬಗ್ಗಿ ಕಾಲು ಮುಟ್ಟಿದ, ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೂಡಿಸಿದ. ತಮ್ಮ ಮನೆಯ ನೀರು ಇವರು ಕುಡಿಯುತ್ತಾರೋ ಇಲ್ಲವೋ ಎಂದು ತಾನೇ ಅಂದಾಜು ಹಾಕಿ ಓಣಿಯ ಅಂಗಡಿಗೆ ಹೋಗಿ ಬಾಟಲಿ ನೀರು ತಂದ. ಅವನ ಹೆಂಡತಿ ಸುಂದರಾ ಒಳಬಾಗಿಲಲ್ಲಿ ನಿಂತಳು. ಸಪನಾ ಅವಳ ಹಿಂದೆ.

"ಭರಮು, ನಿನ್ನ ಮಗಳದು ತಪ್ಪಿಲ್ಲಪಾ," ಎಂದು ಖೋತ ಸರ್ ಶುರು ಮಾಡಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದರು. "ಆ ಕಡೆ ಪರೀಕ್ಷಾದಾಗ ಒಂದ ಪಾಠ ಇತ್ತು. ನಾ ಅದನ್ನ ಕಲಸಬೇಕಿತ್ತು. ಹೇಳೂದ ಮರತೆ. ಎರಡ ಪ್ರಶ್ನೆ ಅದರಾಗಿಂದ ಬಂದಾವು. ತಪ್ಪ ನಂದು."

ಭರಮು ಕೈ ಮುಗಿದ. ಕಣ್ಣಲ್ಲಿ ನೀರು ತಂದುಕೊಂಡ. ಮಗಳ ಕಡೆ ತಿರುಗಿದಾಗ ಮಾತ್ರ ದನಿ ಬೇರೆಯಾಯಿತು.

"ನೋಡ ಬೇ, ನೋಡ. ನಿನ್ನ ತಪ್ಪ ಸರ್ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ. ಎಂಥಾ ಮನಷಾರು! ಎಷ್ಟ ಮಂದಿಗಿ ಕಲಸ್ಯಾರ ಅವರು, ಅವರು ಮರೀತಾರನ? ನೀನ ಲಕ್ಷ್ಯ ಕೊಟ್ಟಿಲ್ಲ. ತಲಿ ಇದ್ದಿದ್ರ ನೀ ಪಾಸ ಆಗತಿದ್ದಿ."

"ಹಂಗಲ್ಲ ಭರಮು. ಇನ್ನೊಂದ ವರ್ಷ ಆಕಿನ್ನ ಪರೀಕ್ಷಾಕ್ಕ ಕೂಡಸು. ನಾ ಖುದ್ದ ಕಲಸ್ತೇನಿ, ಫೀ ಬ್ಯಾಡ."

"ಬ್ಯಾಡ್ರಿ ಸರ್. ತಲಿ ಇಲ್ಲದಾಕಿ ಸಲುವಾಗಿ ನಿಮ್ಮ ಯಾಳೆ ಯಾಕ ಹಾಳ ಮಾಡಕೋತೀರಿ? ಸಾಕ ಮಾಡತೇನ್ರಿ ಈಕಿ ಸಾಲಿ."

ಖೋತ ಸರ್ ಇನ್ನೂ ಎರಡು ಸಲ ತಪ್ಪು ನಂದು ಎಂದರು. ಅಂದಷ್ಟೂ ಭರಮುವಿನ ಕಣ್ಣಲ್ಲಿ ಅವರು ದೊಡ್ಡವರಾಗುತ್ತ ಹೋದರು. ಹುಡುಗಿ ಗೋಡೆಗೆ ಆನಿಕೊಂಡು ನೆಲ ನೋಡುತ್ತಿದ್ದಳು. ತಪ್ಪು ಒಪ್ಪಿಕೊಂಡ ಮೇಲೆ ಹಗುರವಾಗಬೇಕಲ್ಲ ಮನುಷ್ಯನಿಗೆ, ನಾಚಿಕೆಯ ಮಾತೆಂದರೆ ಅವರಿಗೆ ನಿಜವಾಗಿಯೂ ಸ್ವಲ್ಪ ಹಗುರವಾಗಿತ್ತು.

ಬಸ್ಸಿಗೆ ಕಳಿಸಿ ಬಾ ಎಂದು ಭರಮು ಮಗಳನ್ನು ಜೊತೆಗೆ ಕಳಿಸಿದ. ಸ್ಟಾಪಿನವರೆಗೂ ಅವಳು ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು. ಅಲ್ಲಿ ನಿಂತ ಮೇಲೆ ಕೇಳಿದಳು.

"ಸರ್, ಜೂನ್‌ದಾಗ ನಾ ಎದ್ದ ನಿಂತ ಪ್ರಶ್ನೆ ಕೇಳಿದ್ದು ನಿಮಗ ನೆನಪ ಐತಿರಿ?"

"ಐತಿ ಅವ್ವಾ."

"ಮತ್ತ ಮರತೆ ಅಂದ್ರಲ್ರಿ ಅಪ್ಪನ ಮುಂದ. ನೀವ ಮರತಿಲ್ರಿ. ನಾ ಕೇಳಿದ್ದೆ, ನೀವ ಇಲ್ಲ ಅಂದ್ರಿ. ಅಷ್ಟ ಹೇಳ್ರಿ ಅಪ್ಪಗ. ನಾ ದಡ್ಡಿ ಅಲ್ಲಂತ ಆತಗ ಗೊತ್ತಾದ್ರ ಇನ್ನೊಂದ ವರ್ಷ ಕೂಡಸ್ತಾನ್ರಿ. ಈಗ ಹೋಗಿ ಹೇಳ್ರಿ ಸರ್, ಮನಿ ಇಲ್ಲೇ ಐತಿ."

ಅಷ್ಟರಲ್ಲಿ ಬಸ್ಸು ಬಂತು. ಹೊತ್ತು ಕಬ್ಬಿನ ಗರಿಗಳ ಮಟ್ಟಕ್ಕೆ ಇಳಿದಿತ್ತು. ಈ ಬಸ್ಸು ತಪ್ಪಿದರೆ ಸಂಜೆಯ ಊಟ ತಪ್ಪುತ್ತದೆ, ಮನೆಯಲ್ಲಿ ಹೆಂಡತಿ ಮಂಗಲ ತಾಟು ಹಾಕಿ ಕಾಯುತ್ತಾಳೆ. ಮನುಷ್ಯನಿಗೆ ಬೇಕೆಂದಾಗ ನೇಮವೂ ಹೇಗೆ ಒದಗಿ ಬರುತ್ತದೆ ನೋಡಿ.

"ಹೊತ್ತ ಮುಳಗಾಕ ಬಂತವ್ವಾ. ಮತ್ತೊಮ್ಮಿ ಬಂದಾಗ ಹೇಳ್ತೇನಿ," ಎಂದರು.

"ಹೂಂನ್ರಿ," ಎಂದಳು ಸಪನಾ. ಅವರು ಬಸ್ಸು ಹತ್ತಿದರು.

ಮನೆಯಲ್ಲಿ ಮಂಗಲಳಿಗೆ, ಹುಡುಗಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ ಎಂದರು. ಒಳ್ಳೇದು ಮಾಡಿದಿರಿ ಎಂದಳು ಆಕೆ. ದಿನಗಳು ಹೋದವು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ ಬಸದಿಗೆ ಹೋಗುವುದು, ಒಂದೇ ಹೊತ್ತು ಉಣ್ಣುವುದು. ಪರ್ವ ಮುಗಿದ ಮೇಲೆ ಕ್ಷಮಾವಣಿ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಒಬ್ಬರ ಹತ್ತಿರ ಒಬ್ಬರು ಕ್ಷಮೆ ಕೇಳುವ ದಿನ. ಹಿಂದೆ ಮನೆಮನೆಗೆ ಹೋಗಿ ಕೈ ಮುಗಿದು ಕೇಳುತ್ತಿದ್ದರು. ಈಗ ಹೂವಿನ ಚಿತ್ರದ ಕೆಳಗೆ 'ಉತ್ತಮ ಕ್ಷಮಾ' ಎಂದು ಬರೆದಿದ್ದನ್ನು ಫೋನಿನಲ್ಲಿದ್ದ ಎಲ್ಲರಿಗೂ ಒಮ್ಮೆಗೇ ಕಳಿಸಿಬಿಟ್ಟರೆ ತೀರಿತು. ಖೋತ ಸರ್ ಕಳಿಸಿದರು. ಹಾಲಿನವನಿಗೆ ಹೋಯಿತು, ಅಣ್ಣಾಸಾಬನಿಗೆ ಹೋಯಿತು, ಹಳೆಯ ಬ್ಯಾಚುಗಳ ಮಕ್ಕಳಿಗೆಲ್ಲ ಹೋಯಿತು. ಸಂಜೆ ನೋಡಿದರೆ ಸಪನಾಳ ಹೆಸರಿಗೂ ಹೋಗಿತ್ತು. ಅವಳು ನೋಡಿದ್ದಳು. ಉಳಿದವರೆಲ್ಲ ಕೈ ಮುಗಿದ ಚಿತ್ರ ತಿರುಗಿ ಕಳಿಸಿದ್ದರು. ಅವಳದು ಏನೂ ಇರಲಿಲ್ಲ.

ಅವರು ಫೋನನ್ನು ಮಗುಚಿ ಇಟ್ಟರು. ಮಂಗಲ ಹತ್ತಿರ ಕುಳಿತು ಪಲ್ಲೆ ಸೋಸುತ್ತಿದ್ದಳು. ಆಕೆಗೆ ಜೂನಿನದು, ಡಿಸೆಂಬರಿನದು, ಬಸ್‌ಸ್ಟಾಪಿನದು ಎಲ್ಲ ಹೇಳಿದರು. ಮಂಗಲ ಸೋಸುತ್ತಿದ್ದ ಪಲ್ಲೆಯನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾರ ನೀವು ಆವತ್ತ ಹೋಗಿದ್ದು ಯಾಕ್ರಿ?" ಎಂದಳು.

ಮರುದಿನ ಮಧ್ಯಾಹ್ನ ಮತ್ತೆ ಏಕಸಂಬಿಗೆ ಹೋದರು. ಬಾಗಿಲಲ್ಲಿ ಸುಂದರಾ ಇದ್ದಳು. ಭರಮು ಕೆಲಸಕ್ಕೆ ಹೋಗಿದ್ದ. ಸಪನಾ ಎಲ್ಲಿ ಎಂದರು.

"ಇಚಲಕರಂಜಿಗೆ ಕಳಸೇವ್ರಿ. ಅವರತ್ತಿ ಕೂಡ ಹೊಲಿಗಿ ಕಾರಖಾನೆಕ ಹೊಕ್ಕಾಳ್ರಿ. ಇಪ್ಪತ್ತ ದಿನ ಆತು."

ಅವರು ನಿಂತೇ ಹೇಳಿದರು. ಈ ಸಲ ಏನನ್ನೂ ಜೋಡಿಸಿಕೊಂಡು ಬಂದಿರಲಿಲ್ಲ. ನಿಮ್ಮ ಮಗಳು ಎದ್ದು ನಿಂತು ಸರಿಯಾದ ಪ್ರಶ್ನೆ ಕೇಳಿದ್ದಳು, ನಾನು ಗೊತ್ತಿಲ್ಲದೆ ಇಲ್ಲ ಎಂದೆ, ಮಂದಿ ಎದುರು ಅವಳನ್ನು ನಗೆಪಾಟಲು ಮಾಡಿದೆ, ಆಮೇಲೆ ಗೊತ್ತಾದರೂ ಐದು ತಿಂಗಳು ಬಾಯಿ ಮುಚ್ಚಿಕೊಂಡು ಕುಳಿತೆ. ಸುಂದರಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದಳು. ಅವಳ ಮುಖದಲ್ಲಿ ಅಚ್ಚರಿ ಇರಲಿಲ್ಲ.

"ನನ್ನ ಮುಂದ ಹೇಳಿ ಏನ ಉಪಯೋಗ್ರಿ," ಎಂದಳು. "ಅವರಪ್ಪ ಸಂಜಿಕ ಬರತಾನ. ಕುಂಡರ್ರಿ. ಅವನ ಮುಂದ ಹೇಳ್ರಿ. ಹಿಂಗ ಹೇಳ್ರಿ."

ಅವಳು ಸರ್ ಎಂದು ಕರೆಯಲಿಲ್ಲ. ಖೋತ ಸರ್ ಕಟ್ಟೆಯ ಮೇಲೆ ಕುಳಿತರು. ಮೂರೂವರೆಯ ಬಸ್ಸು ಹೋಯಿತು. ಐದರದು ಹೋಯಿತು. ಓಣಿಯ ಮಂದಿ ಹೋಗುತ್ತ ಬರುತ್ತ ನೋಡಿದರು, ಮಾಸ್ತರರು ಇಲ್ಲಿ ಯಾಕೆ ಎಂದು ಒಬ್ಬಿಬ್ಬರು ಕೇಳಿದರು. ಭರಮು ಬರಬೇಕು ಎಂದಷ್ಟೇ ಹೇಳಿದರು. ಊಟಕ್ಕೆ ಹಾದಿ ನೋಡಬೇಡ ಎಂದು ಮಂಗಲಳಿಗೆ ಫೋನು ಮಾಡಿದರು. ಆಕೆ ಹೂಂ ಎಂದಳು. ಅವರ ಕಣ್ಣೆದುರೇ ಹೊತ್ತು ಮುಳುಗಿತು.

ಭರಮು ಬಂದಾಗ ಅವನ ಅಂಗಿಯೆಲ್ಲ ರವದಿಯ ಹೊಗೆಯ ವಾಸನೆ. ಎಂದಿನಂತೆ ಬಗ್ಗಿದ. ಖೋತ ಸರ್ ಅವನ ತೋಳು ಹಿಡಿದು ತಡೆದರು. ಕಾಲು ಮುಟ್ಟಬೇಡ ಎಂದರು. ಸುಂದರಾಳಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಕೊನೆಗೆ, ನಿನ್ನ ಮಗಳು ಆ ಕ್ಲಾಸಿನಲ್ಲೇ ಶಾಣ್ಯಾಕಿ ಇದ್ದಳು, ಅವಳೊಬ್ಬಳಿಗೇ ಆ ಪ್ರಶ್ನೆ ಹೊಳೆದದ್ದು ಎಂದರು.

ಭರಮು ಅವರ ಮುಖವನ್ನೇ ನೋಡುತ್ತಿದ್ದ. ಈ ಸಲ ಅವನಿಗೆ ನಂಬಿಕೆ ಬಂದಿತ್ತು. ಹಾಗೇ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತುಬಿಟ್ಟ. ಹಿಂದೆಂದೂ ಹಾಗೆ ಕುಳಿತವನಲ್ಲ.

"ಆವತ್ತ ನಿಮ್ಮನ್ನ ಬಸ್ಸಿಗಿ ಬಿಟ್ಟ ಬಂದ ಆಕಿ ಇದ ಮಾತ ಹೇಳಿದ್ಲರಿ," ಎಂದ. "ನಾ ಕೇಳಿದ್ದೆ ಅಪ್ಪಾ, ಸರ್ ಇಲ್ಲ ಅಂದ್ರು ಅಂತ. ನಿನಗೋಸ್ಕರ ಮನೀತನಕ ಬಂದ ಮನಷಾರ ಮ್ಯಾಲ ಸುಳ್ಳ ಹೇಳತಿ ಅಂತ ನಾ ಆಕಿನ್ನ ಹೊಡದೇರಿ. ಹುಟ್ಟಿದಾಗಿಂದ ಕೈ ಮಾಡಿದ್ದಿಲ್ಲರಿ. ಪೈಪಿನ ತುಂಡ ತಗೊಂಡ ಹೊಡದೇನ್ರಿ."

ಅವಳಿಗೆ ಫೋನು ಮಾಡು, ನಾನೇ ಮಾತಾಡುತ್ತೇನೆ ಎಂದರು ಖೋತ ಸರ್.

"ನನ್ನ ಫೋನ ಎತ್ತೂದಿಲ್ರಿ ಆಕಿ," ಎಂದ ಭರಮು. "ನಿಮ್ಮದರಿಂದ ಮಾಡ್ರಿ."

ಅವರು ಮಾಡಿದರು. ರಿಂಗು ಪೂರ್ತಿ ಆಗಿ ನಿಂತಿತು. ಇನ್ನೊಮ್ಮೆ ಮಾಡಿದರು. ಎರಡನೆಯ ಸಲ ಅವಳು ಅರ್ಧಕ್ಕೇ ಕಟ್ ಮಾಡಿದಳು.